ಬಿಲ್ಲು ಕೂಗುವ ಕೆಲಸ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ನಾಗೇಂದ್ರಪ್ಪನ ಹೋಟೆಲಿನಲ್ಲಿ ಬಿಲ್ಲಿನ ಚೀಟಿ ಬರೆಯುವ ಪದ್ಧತಿ ಇರಲಿಲ್ಲ. ಗಿರಾಕಿ ಉಂಡು ಕೈ ತೊಳೆದು ಗಲ್ಲಾದ ಕಡೆ ಹೊರಟ ಕೂಡಲೇ ಸಪ್ಲಾಯರ್ ಎರ್ರೆಪ್ಪ ಒಳಗಿನಿಂದ ಕೂಗುತ್ತಿದ್ದ. ಗಿರಾಕಿಗಳ ಹೆಸರು ಗೊತ್ತಿರುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಗುರುತನ್ನೇ ಕೂಗಬೇಕು.

“ಹಸಿರು ರುಮಾಲು, ಒಂದು ಅರವತ್ತು!”

“ಛತ್ರಿಯವರು, ಎಂಬತ್ತು ಪೈಸೆ!”

“ಮೂಲಿ ಬೆಂಚು ಮೂರು ಮಂದಿ, ನಾಲ್ಕು ಹತ್ತು!”

ಗಲ್ಲಾದ ಮೇಲೆ ಕೂತ ನಾಗೇಂದ್ರಪ್ಪ ತಲೆ ಎತ್ತದೆ ಚಿಲ್ಲರೆ ಕೊಡುತ್ತಿದ್ದ. ಎರ್ರೆಪ್ಪನ ಲೆಕ್ಕ ತಪ್ಪುತ್ತಿರಲಿಲ್ಲ. ಅರಸೀಕೆರೆಯಿಂದ ಬಂದು ಈ ಕೆಲಸಕ್ಕೆ ಸೇರಿದ ಮೇಲೆ ಅವನ ಕೈಗೂ ಬಾಯಿಗೂ ಸಂಬಂಧ ಕಡಿದುಹೋಗಿತ್ತು. ಕೈ ಒಬ್ಬನ ಎಲೆಗೆ ಸಾರು ಹಾಕುವಾಗ ಬಾಯಿ ಇನ್ನೊಬ್ಬನ ಬಿಲ್ಲು ಕೂಗುತ್ತಿತ್ತು. ಯೋಚನೆ ಮಾಡಿ ಕೂಗಿದರೆ ಸಂತೆಯ ದಿನ ಹೋಟೆಲು ನಡೆಯುವುದಿಲ್ಲ.

ಗಿರಾಕಿಗಳಲ್ಲಿ “ತಮ್ಮಾ” ಎಂದು ಕರೆಯುವವರು ಕಡಿಮೆ. “ಏಯ್” ಎನ್ನುವವರೇ ಹೆಚ್ಚು. ಕೆಲವರು ಅದನ್ನೂ ಹೇಳದೆ ಬೆರಳಿನ ಉಂಗುರದಿಂದ ಲೋಟ ಬಡಿಯುತ್ತಿದ್ದರು. ಅರ್ಧ ಕಾಫಿ ಕುಡಿದು ಆರಿಹೋಗಿದೆ ಎಂದು ವಾಪಸ್ ಕೊಡುವ ಆಫೀಸಿನವರಿದ್ದರು. ಸಪ್ಲಾಯರನಿಗೆ ಕೊಡುವ ಚಿಲ್ಲರೆಗೆ ಅಲ್ಲಿ ಖುಷಾಲಿ ಎನ್ನುತ್ತಿದ್ದರು. ಟೇಬಲ್ಲಿನ ಮೇಲೆ ನಾಲ್ಕಾಣೆ ಇಟ್ಟು ಸುಮ್ಮನೆ ಹೋಗುವವರು ಅಪರೂಪ. ಹತ್ತಿ ವ್ಯಾಪಾರಕ್ಕೆ ಬರುವ ದಲ್ಲಾಳಿಗಳಿಗೆ ಒಂದು ಆಟವಿತ್ತು. ಉಳಿದ ಸಾರಿನ ಬಟ್ಟಲಲ್ಲಿ ನಾಣ್ಯ ಹಾಕಿ, ಎರ್ರೆಪ್ಪ ಬೆರಳು ಅದ್ದಿ ತೆಗೆಯುವುದನ್ನು ನಿಂತು ನೋಡುವುದು. ಅವನು ತೆಗೆದು, ನಲ್ಲಿಯ ಕೆಳಗೆ ತೊಳೆದು, ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆ ನಾಲ್ಕಾಣೆಯಿಂದಲೂ ಅವನ ಹೆಂಡತಿ ಹುಲುಗಮ್ಮ ಉಪ್ಪು ಮೆಣಸಿನಕಾಯಿ ತರುತ್ತಿದ್ದಳು.

ಒಬ್ಬನ ಬಿಲ್ಲು ಮಾತ್ರ ಎರ್ರೆಪ್ಪ ಕೂಗುತ್ತಿರಲಿಲ್ಲ. ಅವನು ಗುತ್ತೇದಾರ ಜೋಗಪ್ಪ. ತಾಲೂಕಿನ ಸಾರಾಯಿ ಅಂಗಡಿಗಳ ಗುತ್ತಿಗೆ ಅವನದು. ಹಳ್ಳಿಗಳಲ್ಲಿ ಕದ್ದು ಕಳ್ಳಬಟ್ಟಿ ಇಳಿಸುವವರನ್ನು ಹುಡುಕಲು ಅವನ ಜೀಪಿನಲ್ಲಿ ಕೋಲು ಹಿಡಿದ ಆಳುಗಳು ತಿರುಗುತ್ತಿದ್ದರು. ಸಿಕ್ಕವರ ಕೈಯನ್ನು ಅವರದೇ ಬಟ್ಟಿಯ ಕುದಿಯುವ ಹಂಡೆಯಲ್ಲಿ ಅದ್ದುತ್ತಾರೆ ಎಂಬ ಮಾತಿತ್ತು. ನಿಜವೋ ಸುಳ್ಳೋ ಎಂದು ಯಾರೂ ಕೇಳಲು ಹೋಗಿರಲಿಲ್ಲ. ಜೋಗಪ್ಪ ಬಿಳಿ ಧೋತರ, ಬಿಳಿ ಶರ್ಟು ಹಾಕಿಕೊಂಡು ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು, ಉಂಡು ಹೋಗುತ್ತಿದ್ದ. ಅವನು ಎದ್ದಾಗ ಎರ್ರೆಪ್ಪ ಗೋಡೆಯ ಕಡೆ ತಿರುಗಿ ಯಾವುದಾದರೂ ಬೆಂಚು ಒರೆಸಬೇಕು. ನಾಗೇಂದ್ರಪ್ಪ ಗಲ್ಲಾದಿಂದ ಎದ್ದು ನಿಂತು ನಗಬೇಕು. ದುಡ್ಡಿನ ಮಾತು ಬರುತ್ತಿರಲಿಲ್ಲ.

ಅಡಿಗೆಮನೆಯಲ್ಲಿ ಆ ಮನುಷ್ಯನಿಗೆ ಬೇರೆ ಹೆಸರಿತ್ತು. ಬಕೀಟು. ಇಟ್ಟವನು ಅಡಿಗೆಯ ಓಬಣ್ಣ. ಎರ್ರೆಪ್ಪನನ್ನು ಈ ಕೆಲಸಕ್ಕೆ ತಂದವನೂ ಓಬಣ್ಣನೇ. ನೆಂಟರಲ್ಲದಿದ್ದರೂ ಇವನು ಮಾವ ಎನ್ನುತ್ತಿದ್ದ, ಅವನು ಅಳಿಯ ಎನ್ನುತ್ತಿದ್ದ.

ಆ ದಿನ ಸಂತೆ. ಬೆಂಚುಗಳು ಸಾಲದೆ ಜನ ಗೋಡೆಗೊರಗಿ ನಿಂತು ಕಾಯುತ್ತಿದ್ದರು. ಎರ್ರೆಪ್ಪ ಸಾರಿಗೆ ಒಳಗೆ ಹೋದಾಗ ಓಬಣ್ಣ ಬೆವರು ಒರೆಸಿಕೊಳ್ಳುತ್ತ ಕೇಳಿದ:

“ಲೇ ಅಳಿಯಾ, ಬಕೀಟು ಉಂಡನೇನಲೇ? ಇನ್ನೂ ಅನ್ನ ಕೇಳ್ತಾನೇನು?”

“ಬಕೀಟು ತುಂಬೇತಿ ಮಾವ. ಏಳಾಕ ಹತ್ತೇತಿ.”

ಇಬ್ಬರೂ ನಕ್ಕರು. ಎರ್ರೆಪ್ಪ ನಗುತ್ತಲೇ ಹೊರಗೆ ಬಂದ. ನಾಲ್ಕೈದು ಮಂದಿ ಒಟ್ಟಿಗೆ ಎದ್ದು ಗಲ್ಲಾದ ಕಡೆ ಸಾಲಾಗಿ ಹೊರಟಿದ್ದರು. ಕೈ ಸಾರು ಬಡಿಸತೊಡಗಿತು, ಕಣ್ಣು ಸಾಲಿನ ಮೇಲೆ ಓಡಿತು, ಬಾಯಿ ತನ್ನ ಕೆಲಸ ಮಾಡಿತು.

“ಕೆಂಪು ಚೀಲ, ಎರಡು ಹತ್ತು! ಬೋಳು ತಲೆಯವರು, ಒಂದು ಅರವತ್ತು! ಬಕೀಟು, ಮೂರು ಇಪ್ಪತ್ತು!”

ಕೂಗಿ ಮುಗಿದ ಮೇಲೆ ಅವನಿಗೆ ತನ್ನ ದನಿ ಕೇಳಿಸಿತು. ಬಡಿಸುತ್ತಿದ್ದ ಕೈ ನಿಂತುಬಿಟ್ಟಿತು.

ಸಂತೆಯ ಗದ್ದಲದಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಇಟ್ಟಿಗಿಯ ಉಚ್ಚಂಗೆಪ್ಪ ಎಂಬ ರೈತ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಶೇಂಗಾ ಮಾರಿ ಬಂದಿದ್ದ, ಖುಷಿಯಲ್ಲಿದ್ದ. ಬಾಯಿತುಂಬ ಅನ್ನ ಇಟ್ಟುಕೊಂಡೇ ಗಹಗಹಿಸಿ ನಕ್ಕ.

“ಯಾರಲೇ ಅದು ಬಕೀಟು? ಬಕೀಟು ಉಂಡು ಬಿಲ್ಲು ಕೊಡತೈತೇನು!” ಎಂದು ಸುತ್ತ ನೋಡಿದ. ಯಾರನ್ನು ಕೂಗಿದ್ದೆಂದು ಅವನಿಗೆ ಗೊತ್ತಿರಲಿಲ್ಲ.

ಜೋಗಪ್ಪ ನಡೆಯುವುದನ್ನು ನಿಲ್ಲಿಸಿದ. ಹಿಂದಕ್ಕೆ ತಿರುಗಲಿಲ್ಲ. ಗಲ್ಲಾದ ಹತ್ತಿರ ಹೋಗಿ ಜೇಬಿನಿಂದ ದುಡ್ಡು ತೆಗೆದ. ಆ ಹೋಟೆಲಿನಲ್ಲಿ ಅವನು ದುಡ್ಡು ತೆಗೆದದ್ದು ಅದೇ ಮೊದಲು.

ನಾಗೇಂದ್ರಪ್ಪ ಎದ್ದ ರಭಸಕ್ಕೆ ಸ್ಟೂಲು ಬಿತ್ತು. “ಬ್ಯಾಡ್ರಿ ಗುತ್ತೇದಾರ್ರ, ಬ್ಯಾಡ್ರಿ. ಅವ ಹುಚ್ಚ ನನಮಗ, ಸಂತಿ ಗದ್ದಲದಾಗ ಏನೋ ಒದರ್ಯಾನ...”

“ಕೂಗಿದ ಮ್ಯಾಲೆ ಕೊಡಬೇಕಲ್ಲೋ” ಎಂದ ಜೋಗಪ್ಪ. ಮೂರು ಇಪ್ಪತ್ತು ಇಟ್ಟ.

ಅಲ್ಲಿಂದ ತಾನು ಉಂಡ ಜಾಗಕ್ಕೆ ವಾಪಸ್ ಬಂದ. ಹತ್ತು ರೂಪಾಯಿಯ ನೋಟೊಂದನ್ನು ನಾಲ್ಕಾಗಿ ಮಡಿಚಿ, ಉಳಿದಿದ್ದ ಸಾರಿನ ಬಟ್ಟಲಿನಲ್ಲಿಟ್ಟು, ಮುಳುಗುವತನಕ ಒಂದು ಬೆರಳಿನಿಂದ ಒತ್ತಿ ಹಿಡಿದ.

“ಬಾ. ನಿನ್ನ ಖುಷಾಲಿ.”

ಎರ್ರೆಪ್ಪ ಬೆರಳು ಅದ್ದಿ ತೆಗೆದ. ನೋಟಿನಿಂದ ಸಾರು ಅವನ ಮೊಣಕೈತನಕ ಇಳಿಯಿತು. ಜೋಗಪ್ಪ ಅದನ್ನೇ ನೋಡುತ್ತಿದ್ದ. ಮುಖದ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಎಂದು ಎರ್ರೆಪ್ಪನಿಗೆ ಅನ್ನಿಸಿತು.

“ನಾಳೆ ಊಟಕ್ಕ ಬರ್ತೀನಿ. ನೀನ ಬಡಿಸಬೇಕು.”

ಹೋಗುತ್ತ ಉಚ್ಚಂಗೆಪ್ಪನ ಬೆಂಚಿನ ಹತ್ತಿರ ನಿಂತ.

“ಯಾವೂರಪ್ಪ ನಿಂದು?”

“ಇಟ್ಟಿಗಿರಿ.”

“ಚಲೋ ನಗ್ತಿ” ಎಂದು ಹೇಳಿ ಹೊರಟುಹೋದ.

ಜನ ಕರಗಿದ ಮೇಲೆ ನಾಗೇಂದ್ರಪ್ಪ ಅಡಿಗೆಮನೆಗೆ ಬಂದು ಎರ್ರೆಪ್ಪನ ಕೆನ್ನೆಗೆ ಬಾರಿಸಿದ. ಎರ್ರೆಪ್ಪ ತಪ್ಪಿಸಿಕೊಳ್ಳಲಿಲ್ಲ.

“ಏನಲೇ ಅದು ಬಕೀಟು? ಎಲ್ಲಿಂದ ಬಂತು ನಿನ್ನ ಬಾಯಿಗೆ?”

ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ ಓಬಣ್ಣನೇ ಮಾತಾಡಿದ.

“ನಾನ ಹೇಳಿದ್ದು ಧಣಿ. ಹರಪನಹಳ್ಳ್ಯಾಗ ಒಂದು ಹೋಟೆಲಿನಾಗ ನಾನೂ ಈ ಜೋಗಪ್ಪನೂ ಇದ್ವಿ. ಮೂವತ್ತು ವರ್ಷದ ಮಾತು. ನಾನು ಒಲಿಗೆ ಕಟ್ಟಿಗಿ ಹಾಕೋದು, ಅವ ಎಂಜಲ ಬಕೀಟು ಹೊರೋದು. ಗಿರಾಕಿಗಳು ಅವನಿಗೆ ಖುಷಾಲಿ ಕೊಡಬೇಕಾದ್ರ ಕೈಯಾಗ ಕೊಡ್ತಿರಲಿಲ್ಲ. ಬಕೀಟಿನಾಗ ಒಗದು, ಹುಡುಕಲೇ ಅನ್ನೋರು. ಅವ ಹೆಗಲತನಕ ಕೈ ಇಳಿಸಿ ಹುಡುಕೋನು. ಮಂದಿ ಬಿದ್ದು ಬಿದ್ದು ನಗೋರು.” ಅವನು ಒಲೆಗೆ ಒಂದು ಕಟ್ಟಿಗೆ ತಳ್ಳಿ, “ನಾನೂ ನಕ್ಕೀನಿ” ಎಂದ.

“ನೀನು ಇಲ್ಲಿ ಅಡಿಗಿಗೆ ಅದೀ ಅಂತ ಅವನಿಗೆ ಗೊತ್ತೈತೇನು?”

“ಇಲ್ಲ. ಅವ ಬಂದಾಗ ನಾನು ಒಲಿ ಬಿಟ್ಟು ಎದ್ದಿಲ್ಲ. ಅಡಿಗಿಮನಿ ಕಡಿ ಅವ ಹಣಿಕಿ ಸಹಿತ ಹಾಕಲ್ಲ.”

ನಾಗೇಂದ್ರಪ್ಪ ಬಾಗಿಲ ಕಡೆ ನೋಡಿ ದನಿ ಇಳಿಸಿದ. “ಬಕೀಟು ಹೊತ್ತಿದ್ದು ಈಗ ಯಾರಿಗೂ ಗೊತ್ತಿಲ್ಲ. ಅವನ ಮುಂದ ಆಫೀಸರ್ರು ಕೈ ಕಟ್ಟಿ ನಿಂದರ್ತಾರ. ಯಾರು ಹೇಳಿದ್ರು ಅಂತ ಅವ ಕೇಳೇ ಕೇಳ್ತಾನ. ಈ ಕಥಿ ಈ ಒಲಿ ದಾಟಿದ್ರ ಮೂರು ಮಂದೀನೂ ಉಳಿಯಲ್ಲ.”

ಅವನು ಹೋದ ಮೇಲೆ ಓಬಣ್ಣ ಎರ್ರೆಪ್ಪನ ಮಣಿಕಟ್ಟು ಹಿಡಿದುಕೊಂಡ. ಹಿಡಿದ ಕೈ ಬೆಂಕಿಯ ಹತ್ತಿರ ಇದ್ದರೂ ತಣ್ಣಗಿತ್ತು.

“ಅಳಿಯಾ, ಹೇಳಲ್ಲ ಅಲ್ಲ?”

“ಇಲ್ಲ ಮಾವ.”

“ಹೊಡದ್ರ?”

ಹೊಡೆತ ತಿಂದ ಮೇಲೇ ಗೊತ್ತಾಗುವ ಸಂಗತಿ ಅದು.

ಸಂಜೆ ಮನೆಗೆ ಹೋದಾಗ ಹುಲುಗಮ್ಮ ಅವನ ಜೇಬಿನಿಂದ ನೋಟು ತೆಗೆದು ಮೂಸಿ ನೋಡಿದಳು.

“ಯವ್ವಾ, ಹತ್ತು ರೂಪಾಯಿ! ಸಾರಿನ ವಾಸನಿ ಬರತೈತಿ. ಯಾವ ಪುಣ್ಯಾತ್ಮ ಕೊಟ್ಟಾನ ಇಷ್ಟು ಖುಷಾಲಿ?”

“ಅದನ್ನ ಮುಟ್ಟಬ್ಯಾಡ.”

“ಯಾಕ? ಕದ್ದೀರೇನು?”

“ಕದ್ದಿದ್ರ ಚಲೋ ಇತ್ತು” ಎಂದ ಅವನು. ಅವಳು ನೋಟನ್ನು ತೊಳೆದು ಹಗ್ಗದ ಮೇಲೆ ಒಣಹಾಕಿದಳು. ಅವನು ಹಗ್ಗಕ್ಕೆ ಬೆನ್ನು ಮಾಡಿ ಮಲಗಿದ.

ಮರುದಿನ ಬೆಳಿಗ್ಗೆ ಹಡಗಲಿ ಬಸ್ಸಿನ ಕಂಡಕ್ಟರ್ ಚಹಾ ಕುಡಿಯುತ್ತ ಸುದ್ದಿ ಹೇಳಿದ. ಇಟ್ಟಿಗಿಯ ಉಚ್ಚಂಗೆಪ್ಪ ಸಂತೆ ಮುಗಿಸಿ ಎತ್ತಿನ ಚಕ್ಕಡಿಯಲ್ಲಿ ಹೋಗುವಾಗ ಇಬ್ಬರು ಅಡ್ಡಗಟ್ಟಿದ್ದರು. ಶೇಂಗಾ ಮಾರಿದ ದುಡ್ಡು ಸೊಂಟದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ದವಡೆಗೆ ಮಾತ್ರ ಹೊಡೆದಿದ್ದರು.

“ದವಡಿ ಎರಡು ತುಂಡಾಗೈತಂತ. ಬಾಯಿ ತಗಿಯಾಕ ಆಗವಲ್ದು, ಮುಚ್ಚಾಕ ಆಗವಲ್ದು. ಹೊಡದು ಒಂದ ಮಾತು ಅಂದ್ರಂತ ನೋಡ್ರಿ. ‘ಈಗ ನಗು’ ಅಂತ.” ಕಂಡಕ್ಟರ್ ಲೋಟ ಕೆಳಗಿಟ್ಟ. “ಏನು ನಕ್ಕಿದ್ನೋ ಯಾರಿಗೆ ಗೊತ್ತು.”

ಎರ್ರೆಪ್ಪ ಲೋಟ ಎತ್ತಿಕೊಂಡು ಒಳಗೆ ಹೋದ. ಲೋಟ ಇಟ್ಟು ಹಿಂದಿನ ಬಾಗಿಲಿನಿಂದ ಹೊರಬಿದ್ದ. ಕೂಡ್ಲಿಗಿಯಲ್ಲಿ ಹುಲುಗಮ್ಮನ ಚಿಕ್ಕಮ್ಮ ಇದ್ದಳು. ಮೊದಲು ತಾನು ಹೋಗುವುದು, ಆಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವುದು. ಅಷ್ಟರ ಆಚೆ ಅವನ ತಲೆ ಓಡಲಿಲ್ಲ. ಕೂಡ್ಲಿಗಿ ಬಸ್ಸು ನಿಂತಿತ್ತು. ಅದರ ಬಾಗಿಲ ಪಕ್ಕದ ಕಲ್ಲಿನ ಮೇಲೆ ಜೋಗಪ್ಪನ ಆಳು ಯರ್ರಿಸ್ವಾಮಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದ. ತೆಳ್ಳಗಿನ ಮನುಷ್ಯ. ಯಾವಾಗಲೂ ಮರ್ಯಾದೆಯಿಂದಲೇ ಮಾತಾಡುತ್ತಿದ್ದ.

“ಬರ್ರಿ ಅಣ್ಣಾರ. ಎಲ್ಲಿಗೆ ಹೊಂಟೀರಿ?”

“ಎಲ್ಲಿಗೂ ಇಲ್ಲ.”

“ಹಂಗಾರ ಚಲೋ ಆತು. ಸಾಹುಕಾರ್ರು ಮಧ್ಯಾಹ್ನ ಊಟಕ್ಕ ಬರ್ತಾರ. ನೀವ ಬಡಿಸಬೇಕಂತ ಅಪ್ಪಣಿ ಆಗೇತಿ.” ಹಣ್ಣನ್ನು ಮುರಿದು ಅರ್ಧ ಚಾಚಿದ. “ತಿನ್ರಿ. ನಿಮ್ಮ ಮನಿಯಾಕಿ ನಲ್ಲಿ ಹತ್ರ ಸಿಕ್ಕಿದ್ರು. ಪಾಪ, ಒಬ್ಬರ ಎರಡು ಕೊಡ ಹೊರತಾರ.”

ಎರ್ರೆಪ್ಪ ಹಣ್ಣು ತಗೊಂಡ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಟೆಲಿಗೆ ವಾಪಸ್ ಬಂದ.

ಓಬಣ್ಣ ಒಲೆಯ ಮುಂದೆಯೇ ಇದ್ದ. “ನೀನ್ಯಾಕ ಹೋಗಲಿಲ್ಲ ಮಾವ?” ಎಂದು ಕೇಳಿದಾಗ, “ಇವತ್ತು ಬರಲಿಲ್ಲ ಅಂದ್ರ ಯಾಕ ಬರಲಿಲ್ಲ ಅಂತ ಕೇಳ್ತಾರಲ್ಲೋ” ಎಂದ. ಬೆಳಗಿನಿಂದ ಅವನು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದ.

ಮಧ್ಯಾಹ್ನ ಜೋಗಪ್ಪ ಬಂದ. ಗೋಡೆಗೆ ಬೆನ್ನು ಕೊಟ್ಟು ಕೂತ. ಯರ್ರಿಸ್ವಾಮಿ ಅವನ ಜೊತೆ ಕೂರದೆ, ಇಡೀ ಹೋಟೆಲಿಗೆ ಮುಖ ಮಾಡಿ ಬೇರೆ ಬೆಂಚಿನಲ್ಲಿ ಕೂತ. ಎರ್ರೆಪ್ಪ ಎಲೆ ಹಾಕಿ ನೀರು ಇಟ್ಟ.

“ನಾನು ಉಂಡು ಎದ್ದಾಗ ಕೂಗಬೇಕು” ಎಂದ ಜೋಗಪ್ಪ. “ನಿನ್ನೆ ಹೆಂಗ ಕೂಗಿದ್ಯೋ ಹಂಗ. ಒಂದಕ್ಷರ ಫರಕು ಆಗಬಾರದು.”

“ತಪ್ಪಾತ್ರಿ ಗುತ್ತೇದಾರ್ರ. ನಿಮ್ಮ ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬೀಳು ಅಂತ ಹೇಳಿಲ್ಲ. ಕೂಗು ಅಂದೀನಿ. ಯಾರ್ಯಾರು ನಗ್ತಾರ ನೋಡಬೇಕು. ನಗೋನಿಗೆ ಗೊತ್ತಿರತೈತಿ.”

ಅವರಿಗೆ ಏನೂ ಗೊತ್ತಿಲ್ಲ, ಮನುಷ್ಯನನ್ನು ಬಕೀಟು ಎಂದು ಕರೆದರೆ ಯಾರಿಗಾದರೂ ನಗು ಬರುತ್ತದೆ, ಇಟ್ಟಿಗಿಯವನು ನಕ್ಕಿದ್ದೂ ಅಷ್ಟಕ್ಕೇ ಎಂದು ಹೇಳಬೇಕೆಂದು ಎರ್ರೆಪ್ಪನ ನಾಲಿಗೆಗೆ ಬಂತು. ಹಾಗೆ ಹೇಳಿದರೆ ಗೊತ್ತಾಗುವಂಥದ್ದು ಏನೋ ಇದೆಯೆಂದು ತಾನೇ ಒಪ್ಪಿದಂತೆ. ಮಾತನ್ನು ನುಂಗಿಕೊಂಡು ಅನ್ನ ಬಡಿಸಿದ.

ಬೆಂಚುಗಳು ತುಂಬಿದ್ದವು. ಜೋಗಪ್ಪ ನಿಧಾನವಾಗಿ ಉಣ್ಣುತ್ತಿದ್ದ. ಎರ್ರೆಪ್ಪ ನೀರಿನ ಜಗ್ಗು ಹಿಡಿದುಕೊಂಡು ಬೆಂಚಿನಿಂದ ಬೆಂಚಿಗೆ ಹೋದ. ಯರ್ರಿಸ್ವಾಮಿಗೆ ಬೆನ್ನು ಮಾಡಿ, ಬಗ್ಗಿ ನೀರು ಹಾಕುತ್ತ, ಒಬ್ಬೊಬ್ಬರ ಕಿವಿಯಲ್ಲೂ ಅದನ್ನೇ ಹೇಳಿದ.

“ನಾನು ಬಿಲ್ಲು ಕೂಗಿದಾಗ ನಗಬ್ಯಾಡ್ರಿ.”

“ಏನಂದಿ?” ಎಂದ ಮೊದಲ ಬೆಂಚಿನ ಮುದುಕ.

“ನಗಬ್ಯಾಡ್ರಿ ಯಜ್ಜಾ. ಏನ್ ಕೂಗಿದ್ರೂ ನಗಬ್ಯಾಡ್ರಿ.”

“ನಿನಗ ಹುಚ್ಚು ಹಿಡದೈತೇನಲೇ? ಮೊದಲ ಚಟ್ನಿ ತಾ. ಕೇಳಿ ಎಷ್ಟೊತ್ತಾತು.”

ಎರ್ರೆಪ್ಪ ಕಣ್ಣಿನಿಂದ ಗೋಡೆಯ ಕಡೆ ತೋರಿಸಿದ. ಮುದುಕ ನೋಡಿದ. ಬಿಳಿ ಶರ್ಟು ಕಂಡಿತು. ಚಟ್ನಿಯ ಮಾತು ಅಲ್ಲಿಗೇ ನಿಂತಿತು. ಎರಡನೆಯ ಬೆಂಚಿನಲ್ಲಿ ಒಬ್ಬನಿಗೆ ಇಟ್ಟಿಗಿಯ ದವಡೆಯ ಸುದ್ದಿ ಆಗಲೇ ಗೊತ್ತಿತ್ತು. ಅವನು ಪಕ್ಕದವನಿಗೆ ಹೇಳಿದ. ಮೂರನೆಯ ಬೆಂಚಿಗೆ ಎರ್ರೆಪ್ಪ ಹೋಗುವ ಮೊದಲೇ ಅಲ್ಲಿನವರು ಎಲೆಯ ಮೇಲೆ ಬಗ್ಗಿದ್ದರು. ಉಣ್ಣುವ ಸದ್ದೂ ಕಡಿಮೆಯಾಯಿತು.

ಜೋಗಪ್ಪ ಮಜ್ಜಿಗೆಗೆ ಬಂದಾಗ ಕೊಟ್ಟೂರು ಬಸ್ಸಿನಿಂದ ಇಳಿದ ಇಬ್ಬರು ಕಾಲೇಜು ಹುಡುಗರು ಏನೋ ಹೇಳಿಕೊಂಡು ನಗುತ್ತಲೇ ಒಳಗೆ ಬಂದರು. ಎರ್ರೆಪ್ಪ ಜಗ್ಗಿನೊಂದಿಗೆ ಹೆಚ್ಚುಕಡಿಮೆ ಓಡಿದ.

“ಏನ್ ಗುರುವೇ, ಕೈ ಹಿಂಗ ನಡುಗತಾವ” ಎಂದ ಒಬ್ಬ. “ಬೆಳಿಗ್ಗೇನ ಹಾಕ್ಕೊಂಡು ಬಂದೀಯೇನು?”

“ನಗಬ್ಯಾಡ್ರಿ ತಮ್ಮಾ. ನಿಮ್ಮವ್ವನ ಆಣೆ, ನಾನು ಕೂಗೋತನಕ ನಗಬ್ಯಾಡ್ರಿ. ಕೂಗಿದ ಮ್ಯಾಲೂ ನಗಬ್ಯಾಡ್ರಿ. ದವಡಿ ಮುರೀತಾರ.”

ಹುಡುಗ ನಗಲು ತೆರೆದ ಬಾಯನ್ನು ಹಾಗೇ ಇಟ್ಟುಕೊಂಡ. ಆಮೇಲೆ ಮುಚ್ಚಿದ.

ಜೋಗಪ್ಪ ಎದ್ದ. ಕೈ ತೊಳೆದ. ಧೋತರದ ಚುಂಗಿಗೆ ಒರೆಸಿಕೊಂಡು, ಗಲ್ಲಾದ ಕಡೆ ನಾಲ್ಕು ಹೆಜ್ಜೆ ನಡೆದು ನಿಂತ. ಬೆನ್ನು ಹೋಟೆಲಿಗೆ ಇತ್ತು. ನಿನ್ನೆಯಂತೆಯೇ.

ಎರ್ರೆಪ್ಪ ಜಗ್ಗು ಕೆಳಗಿಟ್ಟ.

“ಬಕೀಟು...” ಎಂದ. “ಬಕೀಟು, ಮೂರು ಇಪ್ಪತ್ತು.”

ಯಾರೂ ನಗಲಿಲ್ಲ. ಯಾರೂ ಅಗಿಯಲೂ ಇಲ್ಲ. ಬಾಯಿಗೆ ಒಯ್ದ ತುತ್ತನ್ನು ಮುದುಕ ಹಾಗೇ ಹಿಡಿದಿದ್ದ. ಅಡಿಗೆಮನೆಯಲ್ಲಿ ಕೈಯಾಡಿಸುತ್ತಿದ್ದ ಸೌಟು ಕೂಡ ನಿಂತಿತು. ಎಂಜಲು ಎಲೆಗಳ ಮೇಲೆ ನೊಣ ಹಾರುವ ಸದ್ದು ಕೇಳುತ್ತಿತ್ತು.

ಆಯಿತು, ಎಲ್ಲರೂ ಉಳಿದರು ಎಂದುಕೊಂಡ ಎರ್ರೆಪ್ಪ.

ಜೋಗಪ್ಪ ತಿರುಗಿದ. ಬೆಂಚು ಬೆಂಚು ನೋಡಿದ. ಯರ್ರಿಸ್ವಾಮಿಯ ಕಡೆ ನೋಡಿದ. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

“ಒಬ್ಬನೂ ನಗಲಿಲ್ಲ” ಎಂದ ಜೋಗಪ್ಪ. ದನಿ ಬಹಳ ಮೆತ್ತಗಿತ್ತು. “ಮನಷ್ಯಾನ್ನ ಬಕೀಟು ಅಂತ ಕೂಗಿದ್ರ ಕೂಸು ಸಹಿತ ನಗತೈತಿ. ಇಷ್ಟು ಮಂದಿಯೊಳಗ ಒಬ್ಬಗೂ ನಗು ಬರಲಿಲ್ಲ. ಅಂದ್ರ ಎಲ್ಲಾರಿಗೂ ಗೊತ್ತೈತಿ.”

ನಕ್ಕರೂ ಗೊತ್ತಿದೆ ಎಂದರ್ಥ, ನಗದಿದ್ದರೂ ಗೊತ್ತಿದೆ ಎಂದರ್ಥ. ಈ ಮನುಷ್ಯನಿಂದ ತಪ್ಪಿಸಿಕೊಳ್ಳಲು ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ಎರ್ರೆಪ್ಪನಿಗೆ ಹೊಳೆಯಲಿಲ್ಲ. ಜಗ್ಗು ಹಿಡಿದು ಬೆಂಚಿನಿಂದ ಬೆಂಚಿಗೆ ತಿರುಗಿ ತಾನೇ ಈ ಮೌನವನ್ನು ಬಡಿಸಿದ್ದ.

ಜೋಗಪ್ಪ ಅವನ ಹತ್ತಿರ ಬಂದ. ಬಾಯಿಂದ ಮಜ್ಜಿಗೆಯ ವಾಸನೆ ಬರುತ್ತಿತ್ತು.

“ಈ ಮಾತು ಎಲ್ಲಿಂದ ಬಂತು?”

“ಬಾಯಿ ತಪ್ಪಿ ಬಂತ್ರಿ.”

“ಬಾಯಿಗೆ ಎಲ್ಲಿಂದ ಬಂತು?”

ಎರ್ರೆಪ್ಪ ಗಲ್ಲಾದ ಕಡೆ ನೋಡಿದ. ಅಲ್ಲಿ ನಾಗೇಂದ್ರಪ್ಪ ಚಿಲ್ಲರೆಯ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದಿದ್ದ. ಎರ್ರೆಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ. ಬೀದಿಯ ಕಡೆ ನೋಡಿದ. ಮಧ್ಯಾಹ್ನದ ಕೂಡ್ಲಿಗಿ ಬಸ್ಸು ಧೂಳೆಬ್ಬಿಸಿ ಹೊರಡುತ್ತಿತ್ತು. ತನ್ನ ಕಾಲು ನೋಡಿಕೊಂಡ. ಬಲಗಡೆ ಅಡಿಗೆಮನೆಯ ಬಾಗಿಲಿತ್ತು. ಆ ಕಡೆ ಕಣ್ಣು ಹೋಗಬಾರದು ಎಂದು ಕತ್ತಿನ ನರ ಬಿಗಿಯಾಗುವಷ್ಟು ಹಿಡಿದುಕೊಂಡಿದ್ದ.

ಜೋಗಪ್ಪ ತಾಳ್ಮೆಯಿಂದ ಅವನ ಕಣ್ಣುಗಳನ್ನೇ ಹಿಂಬಾಲಿಸಿದ.

“ಎಲ್ಲಾ ಕಡಿ ನೋಡಿದಿ” ಎಂದ. “ಆ ಬಾಗಲ ಕಡಿ ಮಾತ್ರ ನೋಡವಲ್ಲಿ.”

ಎರ್ರೆಪ್ಪ ಬಾಯಿ ತೆರೆದ. ಏನಾದರೂ ಒಂದು ಸುಳ್ಳು ಹೇಳಬೇಕಿತ್ತು.

ಜೋಗಪ್ಪ ಜೇಬಿನಿಂದ ಹತ್ತು ರೂಪಾಯಿ ತೆಗೆದ. ಈ ಸಲ ಸಾರಿನಲ್ಲಿ ಹಾಕಲಿಲ್ಲ. ಒಣಗಿದ ಜಾಗ ನೋಡಿ ಬೆಂಚಿನ ಮೇಲೆ ಇಟ್ಟು, ಗಾಳಿಗೆ ಹಾರದಿರಲೆಂದು ಮೇಲೊಂದು ಲೋಟ ಇಟ್ಟ.

“ನಿಂದು” ಎಂದ. ಆಮೇಲೆ ಅಡಿಗೆಮನೆಯ ಬಾಗಿಲು ತಳ್ಳಿ ಒಳಗೆ ಹೋದ. ಯರ್ರಿಸ್ವಾಮಿ ಎದ್ದು ಅವನ ಹಿಂದೆ ಹೋಗಿ ಒಳಗಿನಿಂದ ಅಗಳಿ ಹಾಕಿದ. ಅಗಳಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಮೊದಲು ಜೋಗಪ್ಪನ ದನಿ ಬಂತು. ಬೇಸಿಗೆ ರಜೆಯಲ್ಲಿ ಹಳೆಯ ಗೆಳೆಯ ಸಿಕ್ಕಂಥ ದನಿ.

“ಓಬಣ್ಣ! ನೀನೇನೋ?”

ಆಮೇಲೆ ಏನೋ ಪಾತ್ರೆ ನೆಲಕ್ಕೆ ಬಿದ್ದು ಉರುಳಿತು.

ಬೆಂಚುಗಳಲ್ಲಿ ಕೂತವರು ಒಬ್ಬೊಬ್ಬರಾಗಿ ಎದ್ದರು. ಕೆಲವರು ಕೈ ಕೂಡ ತೊಳೆಯಲಿಲ್ಲ. ಎರ್ರೆಪ್ಪ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ನಿಂತ. ಎರಡನೆಯ ಹೆಜ್ಜೆ ಬರಲಿಲ್ಲ. ಕಣ್ಣ ಮುಂದೆ ನಲ್ಲಿಯ ಹತ್ತಿರದ ಹುಲುಗಮ್ಮ ಕಂಡಳು, ಎರಡು ಕೊಡ ಕಂಡವು.

“ಕೂಗೋ” ಎಂದ ನಾಗೇಂದ್ರಪ್ಪ.

ಎರ್ರೆಪ್ಪ ಅವನ ಕಡೆ ತಿರುಗಿದ. “ಧಣಿ, ಒಳಗ ಮಾವ...”

ಒಳಗಿನಿಂದ ಒಂದು ದನಿ ಬಂತು. ಅದು ಓಬಣ್ಣನ ದನಿಯಂತೆ ಇರಲಿಲ್ಲ.

“ಕೂಗಲೇ!” ನಾಗೇಂದ್ರಪ್ಪನ ತುಟಿ ಬೆಳ್ಳಗಾಗಿತ್ತು. “ಹೊರಗ ಬಸ್ ನಿಂತಾವ. ಮಂದಿ ಅದಾರ. ಕೇಳಿಸಿದ್ರ ಒಳಗ ಬರ್ತಾರ, ಬಂದ್ರ ನೋಡ್ತಾರ, ನೋಡಿದೋರನ್ನ ಇವ ಬಿಡ್ತಾನೇನು? ಜೋರಾಗಿ ಕೂಗು. ನಿನ್ನ ಕೆಲಸ ಮಾಡು.”

ಎರ್ರೆಪ್ಪ ಕೂಗಿದ.

“ಕರಿ ಕಂಬಳಿ, ಒಂದು ಎಂಬತ್ತು!”

ಮುದುಕ ಎರಡು ರೂಪಾಯಿ ಇಟ್ಟು, ಚಿಲ್ಲರೆಗೆ ಕಾಯದೆ ಹೊರಬಿದ್ದ.

“ಕನ್ನಡಕದವರು, ಒಂದು ಅರವತ್ತು! ನೀಲಿ ಅಂಗಿ, ಎರಡು ನಲವತ್ತು!”

ಎಲ್ಲರೂ ದುಡ್ಡು ಇಟ್ಟು ಓಡುತ್ತಿದ್ದರು. ಎಂದೂ ಒಂದು ಪೈಸೆ ಬಿಡದವರು ಬೆಂಚಿನ ಮೇಲೆ ನಾಲ್ಕಾಣೆ, ಎಂಟಾಣೆ ಬಿಟ್ಟುಹೋದರು. ಕಾಲೇಜು ಹುಡುಗರು ಏನೂ ತಿಂದಿರಲಿಲ್ಲ. ಅವರೂ ಒಂದು ರೂಪಾಯಿ ಇಟ್ಟರು.

“ಪುಸ್ತಕದವರು ಇಬ್ಬರು, ಏನಿಲ್ಲ!”

ಅಡಿಗೆಮನೆಯ ಸದ್ದು ಏರಿದಾಗ ಅವನ ದನಿಯೂ ಏರಿತು. ಹೊರಗೆ ಬಸ್ಸಿನ ಕಿಟಕಿಯಲ್ಲಿ ಕೂತವರು ಈ ಹೋಟೆಲಿನಲ್ಲಿ ಇವತ್ತು ಭಾರಿ ವ್ಯಾಪಾರ ಎಂದುಕೊಂಡಿರಬೇಕು. ಕಡೆಯ ಗಿರಾಕಿ ಮೆಟ್ಟಿಲು ಇಳಿದುಹೋದ. ಗಲ್ಲಾದ ಮುಂದೆ ಯಾರೂ ಉಳಿಯಲಿಲ್ಲ. ನಾಗೇಂದ್ರಪ್ಪ ಎರಡೂ ಕಿವಿ ಮುಚ್ಚಿಕೊಂಡು, ಕೂಗು ಕೂಗು ಎಂದು ತಲೆ ಅಲ್ಲಾಡಿಸಿ ಸನ್ನೆ ಮಾಡುತ್ತಿದ್ದ.

ಎರ್ರೆಪ್ಪ ಬಾಗಿಲಿಗೆ ಬೆನ್ನು ಮಾಡಿ ನಿಂತು, ಖಾಲಿ ಬೆಂಚುಗಳನ್ನು ನೋಡುತ್ತ, ಇಲ್ಲದ ರುಮಾಲುಗಳ, ಇಲ್ಲದ ಛತ್ರಿಗಳ ಬಿಲ್ಲು ಕೂಗತೊಡಗಿದ.